ಮೊದಲ ಮಗು ಎಂಬ ಸರ್ಟಿಫಿಕೇಟು

ಬೆಳಗಾವಿಯಿಂದ ಖಾನಾಪುರದ ರಸ್ತೆ ಹಿಡಿದರೆ ಉದ್ಯಮಬಾಗ, ಪೀರನವಾಡಿ ದಾಟಿ ಮಚ್ಛೆ ಸಿಗುತ್ತದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇರುವುದು ಇಲ್ಲೇ. ಫೌಂಡ್ರಿ, ಲೇತು, ಫ್ಯಾಬ್ರಿಕೇಶನ್ ಶೆಡ್ಡುಗಳಿರುವುದೂ ಇಲ್ಲೇ. ಕನ್ನಡ ಮರಾಠಿ ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸಿ ಆಡುವ ಮನೆಗಳೂ ಇಲ್ಲಿವೆ. ಇಂಥ ಊರುಗಳಲ್ಲಿ ಮದುವೆಯಾಗಿ ವರ್ಷ ಕಳೆದವಳನ್ನು ‘ಏನರ ಸುದ್ದಿ ಐತೇನವಾ?’ ಎಂದು ಕೇಳುತ್ತಾರೆ. ಮಗುವಿಗೆ ನಾಲ್ಕು ತುಂಬಿದ ತಾಯಿಯನ್ನು ಕೇಳುವ ಪ್ರಶ್ನೆ ಬೇರೆ: ‘ಇದಕ್ಕೊಂದು ಜೋಡಿ ಯಾವಾಗ?’ ಮೊದಲ ಪ್ರಶ್ನೆಯಲ್ಲಿ ಆಗುತ್ತದೋ ಇಲ್ಲವೋ ಎಂಬ ಆತಂಕವಾದರೂ ಇದೆ. ಎರಡನೆಯದರಲ್ಲಿ ಅದೂ ಇಲ್ಲ. ಆಗುವುದಂತೂ ಖಾತ್ರಿ, ನೀವಿಬ್ಬರೂ ಮನಸ್ಸು ಮಾಡುವುದಷ್ಟೇ ಬಾಕಿ ಎಂಬ ಧಾಟಿ ಅದರದು. ಒಮ್ಮೆ ಹೆತ್ತವರಿಗೆ ಊರು ಜೀವಮಾನದ ಸರ್ಟಿಫಿಕೇಟು ಬರೆದುಕೊಟ್ಟಿರುತ್ತದೆ. ಎರಡನೆಯ ಮಗುವಿಗಾಗಿ ಕಾಯುತ್ತಿರುವ ದಂಪತಿ ತಪಾಸಣೆಗೆ ಹೋಗಲು ಅಂಜುವುದರ ಮೂಲ ಆಸ್ಪತ್ರೆಯ ಸೂಜಿಯಲ್ಲಾಗಲಿ ಎಕ್ಸ್‌ರೇ ಮೇಜಿನಲ್ಲಾಗಲಿ ಇಲ್ಲ, ಈ ಸರ್ಟಿಫಿಕೇಟಿನಲ್ಲಿದೆ ಎಂಬುದು ನನ್ನ ವಾದ. ಅದನ್ನು ಬದಿಗಿಟ್ಟರೆ ಭಯ ಪೂರ್ತಿ ಹೋಗದಿದ್ದರೂ ಹೆಜ್ಜೆ ಯಾವ ಕಡೆ ಇಡಬೇಕೆಂಬುದು ಸ್ಪಷ್ಟವಾಗುತ್ತದೆ.

ಮೊದಲು ಲೆಕ್ಕ ನೋಡೋಣ. ಹನ್ನೆರಡು ತಿಂಗಳು ಯಾವ ತಡೆಯೂ ಇಲ್ಲದೆ ಸೇರಿದ ಮೇಲೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುತ್ತದೆ. ಹಿಂದೆ ಒಮ್ಮೆ ಗರ್ಭ ನಿಂತು ಈಗ ನಿಲ್ಲದಿದ್ದರೆ ಅದು ದ್ವಿತೀಯ ಬಂಜೆತನ. ಅದೇ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಈ ತೊಂದರೆ ಕಾಣುತ್ತಾರೆ. ಹೆತ್ತವರು, ಹೆರದವರು ಇಬ್ಬರೂ ಆ ಲೆಕ್ಕದೊಳಗಿದ್ದಾರೆ. ಸಮಾಧಾನದ ಸಂಗತಿಯೂ ಇದೆ. ಆರೋಗ್ಯವಂತ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನಾಲ್ಕರಲ್ಲೋ ಐದರಲ್ಲೋ ಒಂದು ಪಾಲು ಮಾತ್ರ. ವರ್ಷದೊಳಗೆ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಜೋಡಿಗಳಿಗೆ ಆಗುತ್ತದೆ, ಉಳಿದವರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಎರಡನೆಯ ವರ್ಷದಲ್ಲಿ. ಹಾಗಾಗಿ ಮೂರು ತಿಂಗಳಿಗೇ ಲ್ಯಾಬಿಗೆ ಓಡಬೇಕಾಗಿಲ್ಲ. ಆದರೆ ಹೆಂಗಸಿಗೆ 35 ದಾಟಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದೆಂದು ವೈದ್ಯರು ಹೇಳುತ್ತಾರೆ, ಎರಡನೆಯ ಮಗುವಿನ ಕಗ್ಗಂಟು ಇರುವುದು ಇಲ್ಲೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಒಟ್ಟು ಫಲವತ್ತತೆಯ ಪ್ರಮಾಣ, ಎಂದರೆ ಒಬ್ಬ ಹೆಂಗಸು ಸರಾಸರಿ ಹೆರುವ ಮಕ್ಕಳ ಸಂಖ್ಯೆ, 1.7ಕ್ಕೆ ಇಳಿದಿದೆ. ಎರಡನೆಯ ಮಗು ಈಗ ತಾನಾಗಿ ಬರುವುದಲ್ಲ. ಸಾಲ ತೀರಿದ ಮೇಲೆ, ಮೊದಲನೆಯದನ್ನು ಶಾಲೆಗೆ ಹಾಕಿದ ಮೇಲೆ, ಯೋಚಿಸಿ ತರುವುದು. ಇಪ್ಪತ್ಮೂರಕ್ಕೆ ಮೊದಲ ಮಗು ಹೆತ್ತವಳು ಎರಡನೆಯದನ್ನು ಬಯಸುವ ಹೊತ್ತಿಗೆ ಮೂವತ್ಮೂರಾಗಿರಬಹುದು. ಊರು ಕೊಟ್ಟ ಸರ್ಟಿಫಿಕೇಟಿನ ಮೇಲೆ ಮಾತ್ರ ಆಕೆಯ ವಯಸ್ಸು ಇನ್ನೂ ಇಪ್ಪತ್ಮೂರೇ.

ಮಚ್ಛೆಯ ಫೌಂಡ್ರಿಯಲ್ಲಿ ಒಂದು ಕಾಸ್ಟಿಂಗ್ ಚೊಕ್ಕಟವಾಗಿ ಬಂತೆಂದು ಮುಂದಿನ ಲಾಟನ್ನು ಯಾರೂ ಪರೀಕ್ಷಿಸದೆ ಕಳಿಸುವುದಿಲ್ಲ. ಮರಳು ಬದಲಾಗಿರಬಹುದು, ಕಾವು ಬದಲಾಗಿರಬಹುದು. ದೇಹದ ವಿಷಯದಲ್ಲಿ ಈ ವಿವೇಕ ನಮಗೆ ಸುಲಭಕ್ಕೆ ಬರುವುದಿಲ್ಲ. ಎರಡು ಹೆರಿಗೆಗಳ ನಡುವೆ ತೂಕ ಏರುತ್ತದೆ, ಥೈರಾಯ್ಡ್ ಏರುಪೇರಾಗುತ್ತದೆ, ಅಂಡಗಳ ಸಂಖ್ಯೆಯೂ ಗುಣವೂ ಕುಗ್ಗುತ್ತವೆ. ಕೆಲವೊಮ್ಮೆ ಮೊದಲ ಹೆರಿಗೆಯೇ ಎರಡನೆಯದಕ್ಕೆ ಅಡ್ಡ ಬಂದಿರುತ್ತದೆ. ಹೆರಿಗೆಯ ನಂತರದ ಸೋಂಕು ಗರ್ಭನಾಳವನ್ನು ಮುಚ್ಚಬಹುದು, ಉಳಿದ ಮಾಸನ್ನು ಕೆರೆದು ತೆಗೆದಾಗ ಗರ್ಭಕೋಶದ ಒಳಪದರ ಅಂಟಿಕೊಳ್ಳಬಹುದು, ಸಿಸೇರಿಯನ್ ಗಾಯದ ಗುರುತಿನಲ್ಲಿ ತೊಡಕಾಗಬಹುದು. ನಮ್ಮ ದೇಶದಲ್ಲಿ ಇವುಗಳ ಜೊತೆಗೆ ಜನನಾಂಗದ ಕ್ಷಯವನ್ನೂ ಸೇರಿಸಬೇಕು. ಅದು ಕೆಮ್ಮಿಲ್ಲದೆ, ಜ್ವರವಿಲ್ಲದೆ ನಾಳಗಳನ್ನು ಕೆಡಿಸಬಹುದು. ಹೆರಿಗೆ ಸುಸೂತ್ರವಾಗುವುದು ಎಷ್ಟು ಮುಖ್ಯವೆಂದು ಜಗತ್ತಿಗೆ ಲೆಕ್ಕ ಸಮೇತ ತೋರಿಸಿದ ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಇಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಜಿಲ್ಲೆಯ ಹಳ್ಳಿಗಳಲ್ಲಿ 1620 ಬಾಣಂತಿಯರೊಂದಿಗೆ ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನರ್ಸಮ್ಮಂದಿರು ಬಾಯಿಗೆ ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಗಳಿಂದ ಹೆರಿಗೆ ನಂತರದ ರಕ್ತಸ್ರಾವ ಶೇ 12ರಿಂದ 6.4ಕ್ಕೆ ಇಳಿಯಿತು. ಆ ಪ್ರಯೋಗ ಜೀವ ಉಳಿಸಲು ನಡೆದದ್ದು, ಬಂಜೆತನದ ಅಧ್ಯಯನವಲ್ಲ. ಆದರೂ ಅದರಿಂದ ಒಂದು ಮಾತು ಕಲಿಯಬಹುದು: ಹೆರಿಗೆಯ ದಿನ ಏನಾಯಿತು, ರಕ್ತ ಎಷ್ಟು ಹೋಯಿತು, ಜ್ವರ ಬಂದಿತ್ತೇ, ಗರ್ಭಕೋಶ ಕೆರೆದು ಕ್ಯುರೆಟ್ ಮಾಡಿದರೇ ಎಂಬುದು ಬಾಣಂತನ ಮುಗಿದೊಡನೆ ಮರೆಯುವ ಸುದ್ದಿಯಲ್ಲ. ಎರಡನೆಯ ಮಗುವಿನ ತಪಾಸಣೆಗೆ ಹೊರಟವರು ಒಯ್ಯಬೇಕಾದ ಮೊದಲ ಕಾಗದ ಮೊದಲ ಹೆರಿಗೆಯ ಡಿಸ್ಚಾರ್ಜ್ ಕಾರ್ಡು. ಅದಕ್ಕೆ ರೊಕ್ಕ ಬೇಕಿಲ್ಲ, ಸೂಜಿ ಬೇಕಿಲ್ಲ.

ಸರ್ಟಿಫಿಕೇಟನ್ನು ಬಿಗಿಯಾಗಿ ಹಿಡಿದುಕೊಳ್ಳುವವನು ಗಂಡ. ‘ನನಗೇನಾಗೇತಿ, ಒಂದು ಆಗೇತಲ್ಲ’ ಎಂಬ ಮಾತಿಗೆ ಎದುರು ಮಾತಿಲ್ಲವೆಂದು ಅವನ ನಂಬಿಕೆ. ಮಕ್ಕಳು ಸಾಕೆಂದಾಗ ಆಪರೇಶನ್ ಹೆಂಗಸಿಗೇ, ಮಕ್ಕಳು ಬೇಕೆಂದಾಗ ಟೆಸ್ಟೂ ಹೆಂಗಸಿಗೇ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಂತಾನಹರಣ ಮಾಡಿಸಿಕೊಂಡಿದ್ದಾರೆ, ಗಂಡಸರ ಪಾಲು ನೂರಕ್ಕೆ ಒಂದೂ ಇಲ್ಲ. ಆದರೆ ಮಕ್ಕಳಾಗದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಇರುತ್ತದೆ, ಅದು ಮೊದಲ ಮಗು ಆದ ಮೇಲೆ ಹುಟ್ಟಿಕೊಂಡದ್ದೂ ಆಗಿರಬಹುದು. ವೃಷಣಗಳು ದೇಹದ ಉಳಿದ ಭಾಗಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿದ್ದರೆ ಮಾತ್ರ ಸರಿಯಾಗಿ ಕೆಲಸ ಮಾಡುತ್ತವೆ. ಕಬ್ಬಿಣ ಕರಗಿಸುವ ಭಟ್ಟಿಯ ಮುಂದೆ, ವೆಲ್ಡಿಂಗ್ ಕಿಡಿಯ ಎದುರು, ಲಾರಿಯ ಎಂಜಿನ್ ಪಕ್ಕದ ಸೀಟಿನಲ್ಲಿ ವರ್ಷಗಟ್ಟಲೆ ದುಡಿದವನಿಗೆ ಈ ಮಾತು ಬರೀ ಪುಸ್ತಕದ್ದಲ್ಲ. ಡೆನ್ಮಾರ್ಕಿನಲ್ಲಿ ವೆಲ್ಡರುಗಳ ಮೇಲೆ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಾವಿಗೆ ಒಡ್ಡಿಕೊಂಡ ವಾರಗಳ ನಂತರ ಸರಿಯಾದ ಆಕಾರದ ವೀರ್ಯಾಣುಗಳು ಕಡಿಮೆಯಾದವು, ಕೆಲಸಕ್ಕೆ ಬಿಡುವು ಸಿಕ್ಕ ಮೇಲೆ ಮತ್ತೆ ಹೆಚ್ಚಾದವು. ಈ ಕೊನೆಯ ಭಾಗವನ್ನು ಗಮನಿಸಬೇಕು. ಹೊಸ ವೀರ್ಯಾಣು ಬೆಳೆಯಲು ಸುಮಾರು ಎಪ್ಪತ್ತು ದಿನ ಬೇಕು. ಹಾಗಾಗಿ ಇಂದಿನ ವೀರ್ಯಪರೀಕ್ಷೆಯ ರಿಪೋರ್ಟು ಹೇಳುವುದು ಎರಡೂವರೆ ತಿಂಗಳ ಹಿಂದೆ ಶುರುವಾದ ಕಥೆಯನ್ನು, ಗಂಡಸುತನವನ್ನಲ್ಲ. ಜ್ವರ ಬಂದು ಹೋಗಿದ್ದರೂ ಅಂಕಿ ಬೀಳುತ್ತದೆ. ಅಂಕಿ ಕಡಿಮೆ ಬಂದರೆ ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕೆನ್ನುವುದು ಇದಕ್ಕೇ. ಒಂದು ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಮಿತಿ ಕೂಡ ಪಾಸು–ಫೇಲಿನ ಗೆರೆಯಲ್ಲ. ವರ್ಷದೊಳಗೆ ತಂದೆಯಾದವರಲ್ಲೇ ನೂರಕ್ಕೆ ಐವರ ಅಂಕಿ ಅದಕ್ಕಿಂತ ಕೆಳಗಿತ್ತು. ಇಡೀ ತಪಾಸಣೆಯಲ್ಲಿ ಅಗ್ಗದ್ದು, ನೋವಿಲ್ಲದ್ದು ಈ ವೀರ್ಯಪರೀಕ್ಷೆ. ಹೆಂಡತಿಯನ್ನು ಎಕ್ಸ್‌ರೇ ಮೇಜಿನ ಮೇಲೆ ಮಲಗಿಸುವ ಮೊದಲು ಗಂಡನ ಕೈಗೆ ಡಬ್ಬಿ ಕೊಡುವುದು ಅವನಿಗೆ ಮಾಡುವ ಅವಮಾನವಲ್ಲ, ಅವಳಿಗೆ ಸಲ್ಲಬೇಕಾದ ನ್ಯಾಯ.

ಟೆಸ್ಟು ಮಾಡಿಸಿದರೆ ಇಲ್ಲದ ಚಿಂತೆ ಹತ್ತುತ್ತದೆ, ಗೊತ್ತಿಲ್ಲದಿರುವುದೇ ವಾಸಿ ಎನ್ನುವವರಿದ್ದಾರೆ. ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಎ.ಎಂ.ಎಚ್. ಎಂಬ ರಕ್ತಪರೀಕ್ಷೆ ಅಂಡಾಶಯದಲ್ಲಿ ಉಳಿದ ಅಂಡಗಳ ಅಂದಾಜು ಕೊಡುತ್ತದೆ, ಅಂಕಿ ಕಡಿಮೆ ಬಂದ ದಿನ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಆದರೆ ಅಮೆರಿಕದಲ್ಲಿ 30ರಿಂದ 44 ವಯಸ್ಸಿನ, ಬಂಜೆತನದ ಹಿನ್ನೆಲೆಯಿಲ್ಲದ ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎ.ಎಂ.ಎಚ್. ಕಡಿಮೆಯಿದ್ದವರೂ ಸರಿಯಿದ್ದವರೂ ಸಹಜವಾಗಿ ಗರ್ಭ ಧರಿಸಿದ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಐವಿಎಫ್‌ನಲ್ಲಿ ಎಷ್ಟು ಅಂಡ ಸಿಕ್ಕೀತು ಎಂದು ಹೇಳಲು ಅದು ಒದಗುತ್ತದೆ, ಮುಂದಿನ ವರ್ಷ ತಾನಾಗಿ ಮಗುವಾದೀತೇ ಎಂದು ಹೇಳಲು ಒದಗುವುದಿಲ್ಲ. ಹಾಗೆಯೇ ‘ಇಪ್ಪತ್ತೊಂದನೆಯ ದಿನದ’ ಪ್ರೊಜೆಸ್ಟರಾನ್ ಪರೀಕ್ಷೆ ಇಪ್ಪತ್ತೆಂಟು ದಿನಕ್ಕೆ ಮುಟ್ಟಾಗುವವರಿಗೆ ಹೊಂದುವ ಲೆಕ್ಕ. ಮೂವತ್ತೈದು ದಿನಕ್ಕೆ ಆಗುವವರು ಅದೇ ದಿನ ರಕ್ತ ಕೊಟ್ಟರೆ ಅಂಡವೇ ಬಿಡುಗಡೆಯಾಗುತ್ತಿಲ್ಲ ಎಂಬ ಸುಳ್ಳು ಸುದ್ದಿ ಬರುತ್ತದೆ. ಇವೆಲ್ಲ ತಪ್ಪು ಟೆಸ್ಟಿನ, ತಪ್ಪು ದಿನದ ವಿರುದ್ಧದ ವಾದಗಳು, ತಪಾಸಣೆಯ ವಿರುದ್ಧದವಲ್ಲ. ಎಲ್ಲರೂ ಹೆದರುವ ಎಚ್.ಎಸ್.ಜಿ.ಯನ್ನು, ಎಂದರೆ ನಾಳಗಳಿಗೆ ದ್ರವ ಬಿಟ್ಟು ಎಕ್ಸ್‌ರೇ ತೆಗೆಯುವುದನ್ನು ನೋಡಿ. ಅದರಲ್ಲಿ ಹೊಟ್ಟೆ ಹಿಂಡುವುದು ನಿಜ. ಆದರೆ ನೆದರ್ಲೆಂಡ್ಸ್‌ನಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರೊಂದಿಗೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಎಣ್ಣೆಯಂಶದ ದ್ರವ ಬಳಸಿದವರಲ್ಲಿ ಆರು ತಿಂಗಳೊಳಗೆ ಶೇ 39.7 ಮಂದಿಗೆ ಗರ್ಭ ನಿಂತಿತು, ನೀರಿನಂಶದ್ದು ಬಳಸಿದವರಲ್ಲಿ ಶೇ 29.1 ಮಂದಿಗೆ. ಪರೀಕ್ಷೆಯೇ ಒಮ್ಮೊಮ್ಮೆ ದಾರಿ ತೆರೆಯುತ್ತದೆ. ಹಾಗಾಗಿ ಯಾವ ಟೆಸ್ಟು ಬರೆದುಕೊಟ್ಟರೂ ಡಾಕ್ಟರನ್ನು ಒಂದು ಮಾತು ಕೇಳಬೇಕು: ‘ಇದರ ಫಲಿತಾಂಶ ಹೀಗೆ ಬಂದರೆ ನಾವು ಏನು ಮಾಡ್ತೀವಿ, ಹಾಗೆ ಬಂದರೆ ಏನು ಮಾಡ್ತೀವಿ?’ ಎರಡಕ್ಕೂ ಉತ್ತರ ಒಂದೇ ಆದರೆ ಆ ಟೆಸ್ಟು ಸದ್ಯಕ್ಕೆ ಬೇಡ.

‘ಟೆನ್ಶನ್ ತಗೋಬ್ಯಾಡ್ರಿ, ತಾನ ಆಕ್ಕೈತಿ’ ಎಂಬುದು ಇನ್ನೊಂದು ಆಕ್ಷೇಪ, ಸಾಂತ್ವನದ ವೇಷದ್ದು. ಇದರ ತಿರುಳು ಏನೆಂದರೆ, ಆಗದಿದ್ದರೆ ಅದು ಚಿಂತೆ ಮಾಡಿದವಳದೇ ತಪ್ಪು. 14 ಅಧ್ಯಯನಗಳ 3583 ಹೆಂಗಸರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಂಜೆತನದ ಚಿಕಿತ್ಸೆಗೆ ಮುಂಚಿನ ಮಾನಸಿಕ ಕಳವಳಕ್ಕೂ ಆ ಚಿಕಿತ್ಸೆಯ ಸುತ್ತಿನಲ್ಲಿ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಂಡುಬರಲಿಲ್ಲ. ಚಿಂತೆಯನ್ನು ಕಡಿಮೆ ಮಾಡಿಕೊಳ್ಳಬೇಕು, ನಿಜ, ಆದರೆ ಅದು ಆಕೆಯ ನಿದ್ದೆಗಾಗಿ, ಊಟದ ರುಚಿಗಾಗಿ. ಮಗುವಿನ ಹೊಣೆಯನ್ನು ಅದರ ತಲೆಗೆ ಕಟ್ಟುವುದಕ್ಕಲ್ಲ. ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತು ಉಡಿ ತುಂಬಿಸುವುದರ ಬಗ್ಗೆಯೂ ನನಗೆ ತಕರಾರಿಲ್ಲ. ನಾಲ್ಕು ಹೆಂಗಸರು ಕೂಡಿ ಉಡಿಗೆ ಅಕ್ಕಿ, ಕೊಬ್ಬರಿ ಹಾಕುವಾಗ ಸಿಗುವ ಆಸರೆ ಲ್ಯಾಬಿನ ಕೌಂಟರಿನಲ್ಲಿ ಸಿಗುವುದಿಲ್ಲ. ಹರಕೆಯ ಹೆಸರಿನಲ್ಲಿ 35 ದಾಟಿದವಳ ಎರಡು ವರ್ಷ ಕಳೆದುಹೋಗುವುದಕ್ಕಷ್ಟೇ ನನ್ನ ವಿರೋಧ.

ಒಂದು ಇದೆಯಲ್ಲ, ಇನ್ನೇಕೆ ಆಸೆ, ಇಲ್ಲದವರನ್ನು ನೋಡಿ ಸಮಾಧಾನಪಟ್ಟುಕೊಳ್ಳಿ ಎಂಬ ಮಾತು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ. ಕಾನೂನು ಕೂಡ ಸುಮಾರು ಇದೇ ಧಾಟಿಯಲ್ಲಿದೆ. 2021ರ ಬಾಡಿಗೆ ತಾಯ್ತನ ನಿಯಂತ್ರಣ ಕಾಯ್ದೆ, ಬದುಕಿರುವ ಮಗುವಿರುವ ದಂಪತಿಗೆ ಆ ದಾರಿಯನ್ನು ಮುಚ್ಚಿದೆ. ಮಗುವಿಗೆ ಅಂಗವಿಕಲತೆಯೋ ಪ್ರಾಣಾಂತಿಕ ಕಾಯಿಲೆಯೋ ಇದ್ದರೆ ಮಾತ್ರ ವಿನಾಯಿತಿ. ಇನ್ನೊಬ್ಬ ಹೆಂಗಸಿನ ದೇಹದ ಪ್ರಶ್ನೆ ಬರುವ ಕಡೆ ಇಂಥ ಮಿತಿಗೆ ಕಾರಣ ಕೊಡಬಹುದು. ಆದರೆ ತನ್ನದೇ ದೇಹದಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಇರುವ ಮಗುವನ್ನು ಅಡ್ಡ ತರಬೇಕಾಗಿಲ್ಲ. ಥೈರಾಯ್ಡ್ ಕೆಟ್ಟಿದ್ದರೆ, ಕ್ಷಯ ಇದ್ದರೆ, ಅದು ಎರಡನೆಯ ಮಗು ಬೇಡವೆಂದವಳಿಗೂ ತಿಳಿಯಬೇಕಾದ ಸಂಗತಿ. ಈ ಆಕ್ಷೇಪದೊಳಗೆ ಒಂದು ಒಳ್ಳೆಯ ಪ್ರಶ್ನೆಯೂ ಅಡಗಿದೆ: ಎರಡನೆಯದು ಯಾರಿಗೆ ಬೇಕು? ಮೊದಲನೆಯದು ಹೆಣ್ಣಾಯಿತೆಂದು ಅತ್ತೆಮನೆಯವರಿಗೆ ಬೇಕಾಗಿದ್ದರೆ, ತಪಾಸಣೆಯ ಕೋಣೆಗೆ ಹೋಗುವ ಮೊದಲು ಆ ಮಾತು ಮನೆಯಲ್ಲೇ ಇತ್ಯರ್ಥವಾಗಬೇಕು. ಗರ್ಭಕ್ಕೆ ಮುಂಚೆಯಾಗಲಿ ನಂತರವಾಗಲಿ ಲಿಂಗ ಆರಿಸುವುದು 1994ರ ಕಾಯ್ದೆ ಮತ್ತು ಅದರ ತಿದ್ದುಪಡಿಯಂತೆ ಅಪರಾಧ. ಗಂಡು ಬೇಕೆಂಬ ಒತ್ತಡ ಹೊತ್ತುಕೊಂಡು ಹೋದವಳಿಗೆ ಎಷ್ಟೇ ಒಳ್ಳೆಯ ರಿಪೋರ್ಟು ಬಂದರೂ ನೆಮ್ಮದಿ ಇರುವುದಿಲ್ಲ.

ಉಳಿದದ್ದು ದುಡ್ಡಿನ ಭಯ. ಒಮ್ಮೆ ಒಳಹೊಕ್ಕರೆ ರಕ್ತಪರೀಕ್ಷೆಯಿಂದ ಸ್ಕ್ಯಾನಿಗೆ, ಸ್ಕ್ಯಾನಿನಿಂದ ಇಂಜೆಕ್ಷನ್ನಿಗೆ, ಅಲ್ಲಿಂದ ಐವಿಎಫ್‌ಗೆ, ಕಡೆಗೆ ಹೊಲ ಮಾರುವವರೆಗೆ ನಿಲ್ಲುವ ಜಾಗವೇ ಇಲ್ಲವೆಂದು ಜನ ಹೆದರುತ್ತಾರೆ. ಈ ಭಯಕ್ಕೆ ಕಾರಣವಿದೆ, ಅದಕ್ಕೆ ಉತ್ತರ ಒಳಗೆ ಹೋಗದಿರುವುದಲ್ಲ, ನಿಲ್ಲುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ಎಲ್ಲ ಪರೀಕ್ಷೆ ಮುಗಿದ ಮೇಲೂ ಎಷ್ಟೋ ಜೋಡಿಗಳಿಗೆ ಕಾರಣ ತಿಳಿಯುವುದಿಲ್ಲ. ಗಂಡ ಹೆಂಡತಿ ಇಬ್ಬರದೂ ಸರಿಯಿದೆ, ಆದರೂ ಆಗುತ್ತಿಲ್ಲ. ಆ ಉತ್ತರಕ್ಕೂ ತಯಾರಿರಬೇಕು. ಯಾವ ಹಂತದವರೆಗೆ ಹೋಗುವುದು, ಎಷ್ಟು ಖರ್ಚು ಮಾಡುವುದು, ಇರುವ ಮಗುವಿನ ಪಾಲಿನ ಹಣವನ್ನೂ ಹೊತ್ತನ್ನೂ ಎಷ್ಟು ಮುಟ್ಟುವುದು ಎಂಬುದನ್ನು ಮೊದಲ ಟೆಸ್ಟಿಗೆ ಮುಂಚೆ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ ತೀರ್ಮಾನಿಸಿದರೆ, ಕೆಟ್ಟ ಅಂಕಿ ಬಂದ ದಿನದ ಗಾಬರಿಯಲ್ಲಿ ಆ ತೀರ್ಮಾನವನ್ನು ಬೇರೆ ಯಾರೋ ಮಾಡುವ ಪ್ರಸಂಗ ಬರುವುದಿಲ್ಲ. ಊರು ಕೊಟ್ಟ ಸರ್ಟಿಫಿಕೇಟನ್ನು ಕಾಯುತ್ತ ಕೂರುವುದಕ್ಕಿಂತ ಇದು ಕಷ್ಟದ ಕೆಲಸ. ಆದರೆ ಆಗ ಫಲಿತಾಂಶ ಏನೇ ಬಂದರೂ ಅದು ಅವರ ಯೋಗ್ಯತೆಯ ಮೇಲಿನ ತೀರ್ಪಾಗುವುದಿಲ್ಲ. ಮುಂದಿನ ಹೆಜ್ಜೆಗೆ ಬೇಕಾದ ಮಾಹಿತಿಯಾಗುತ್ತದೆ, ಆ ಹೆಜ್ಜೆ ಇಡುವುದೋ ಬಿಡುವುದೋ ಎಂಬುದು ಅವರಿಬ್ಬರ ಕೈಯಲ್ಲೇ ಉಳಿಯುತ್ತದೆ.