ಕತಗಾಲ ದಾಟಿದ ಮೇಲೆ ಕೇಳಿದ ಹಾಡುಗಳು

ಕುಮಟೆಯಿಂದ ಸಿರಸಿ ರಸ್ತೆ ಹಿಡಿದ ಬಸ್ಸು ಕತಗಾಲ ದಾಟಿತೆಂದರೆ ಮೊಬೈಲಿನ ಸಿಗ್ನಲ್ ಕಡ್ಡಿಗಳು ಒಂದೊಂದಾಗಿ ಉದುರುತ್ತಿದ್ದವು. ಯಾಣದ ಕಡೆಯ ನಮ್ಮೂರು ತಲುಪುವ ಹೊತ್ತಿಗೆ ಒಂದೂ ಉಳಿಯುತ್ತಿರಲಿಲ್ಲ. ಈಗ ಅಷ್ಟು ಕಷ್ಟವಿಲ್ಲ, ಅಂಗಳದ ಮೂಲೆಯಲ್ಲಿ ನಿಂತರೆ ಮೆಸೇಜು ಹೋಗುತ್ತದೆ. ನಾನು ಹೇಳುತ್ತಿರುವುದು 2016ರ ಸುಮಾರಿನ ಮಾತು. ಆಗ ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ. ರಜೆಗೆ ರೈಲಿನಲ್ಲಿ ಕುಮಟೆಗೆ ಬಂದು ಬಸ್ಸು ಹತ್ತಿದರೆ, ಮೆಮೊರಿ ಕಾರ್ಡಿನಲ್ಲಿ ಎಷ್ಟಿದೆಯೋ ಅಷ್ಟೇ ಸಂಗೀತ. ಕಾರ್ಡು ಎಂಟು ಜಿಬಿಯದು. ಅದರಲ್ಲಿ ಅರ್ಧ ಪಠ್ಯದ ಪಿಡಿಎಫ್‌ಗಳು.

'ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ' ಎಂಬ ಗಾದೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಯಾಣದವರೇ ಆದ ನಮಗೆ ಸೊಕ್ಕೂ ಇರಲಿಲ್ಲ, ರೊಕ್ಕವೂ ಇರಲಿಲ್ಲ, ಹೋಗಿಬರಲು ಬಸ್ಸು ಮಾತ್ರ ಇತ್ತು. ಹಾಸ್ಟೆಲಿನಲ್ಲಿ ಊರಿನ ಹೆಸರು ಹೇಳಿದ ಕೂಡಲೇ ಯಾರಾದರೂ 'ನಮ್ಮೂರ ಮಂದಾರ ಹೂವೆ'ಯ ಹಾಡು ಗುನುಗುತ್ತಿದ್ದರು. 1996ರಲ್ಲಿ ಸುನಿಲ್ ಕುಮಾರ್ ದೇಸಾಯಿ ಆ ಸಿನಿಮಾದಲ್ಲಿ ನಮ್ಮ ಕಪ್ಪು ಬಂಡೆಗಳನ್ನು ತೋರಿಸಿದ ಮೇಲೆ ಯಾಣವೆಂದರೆ ಇಳಯರಾಜಾ ಅಂತಲೇ ಆಗಿಬಿಟ್ಟಿದೆ. ನನಗೆ ಮಾತ್ರ ಯಾಣದ ರಸ್ತೆ ಎಂದರೆ ಜಪಾನಿನ ಹಾಡುಗಳು. ಇದನ್ನು ಬಾಯಿಬಿಟ್ಟು ಹೇಳಲು ಬಹಳ ದಿನ ನಾಚಿಕೆಯಾಗುತ್ತಿತ್ತು.

ಆ ಹಾಡುಗಳು ಬಂದದ್ದು ಪಕ್ಕದ ರೂಮಿನ ಗೆಳೆಯನ ಹಾರ್ಡ್ ಡಿಸ್ಕಿನಿಂದ. ಅವನು ಅನಿಮೆ ಹುಚ್ಚಿನವನು. ಅನಿಮೆ ನನಗೆ ಹತ್ತಲಿಲ್ಲ, ಅದರ ಜೊತೆಗಿದ್ದ ಸಂಗೀತದ ಫೋಲ್ಡರು ಹತ್ತಿತು. ನನ್ನ ಅಗ್ಗದ ಫೋನಿಗೆ ಜಪಾನೀ ಅಕ್ಷರ ಬರುತ್ತಿರಲಿಲ್ಲ, ಹೆಸರಿನ ಜಾಗದಲ್ಲಿ ಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಯಾವುದು ಯಾರದ್ದೆಂದು ತಿಳಿಯದೆ, ಚೌಕಗಳನ್ನು ಎಣಿಸಿ ಹಾಡು ಗುರುತಿಟ್ಟುಕೊಳ್ಳುತ್ತಿದ್ದೆ. ಏಳು ಚೌಕದ ಹಾಡು, ನಾಲ್ಕು ಚೌಕದ ಹಾಡು. ಹಾಡು ಬದಲಿಸಲು ಹೋದರೆ ಬ್ಯಾಟರಿ ಹಾಳು ಎಂದು, ಒಮ್ಮೆ ಹಚ್ಚಿದ ಆಲ್ಬಮ್ಮನ್ನು ಕೊನೆಯವರೆಗೆ ಕೇಳುತ್ತಿದ್ದೆ. ಆಲ್ಬಮ್ಮನ್ನು ಇಡಿಯಾಗಿ ಕೇಳಬೇಕು ಎಂದು ದೊಡ್ಡ ವಿಮರ್ಶಕರು ಬರೆದದ್ದನ್ನು ಆಮೇಲೆ ಓದಿದೆ. ನನಗೆ ಅದನ್ನು ಕಲಿಸಿದ್ದು ಬ್ಯಾಟರಿ.

ಇಂಗ್ಲಿಷ್ ಆಲ್ಬಮ್ಮುಗಳೂ ಇದ್ದವು. ನಿಕ್ ಡ್ರೇಕ್‌ನ 'ಪಿಂಕ್ ಮೂನ್' ಮುಗಿಯಲು 28 ನಿಮಿಷ ಸಾಕು. 1971ರ ಅಕ್ಟೋಬರಿನಲ್ಲಿ ಎರಡು ರಾತ್ರಿಗಳಲ್ಲಿ ಧ್ವನಿಮುದ್ರಿಸಿದ್ದು. ಗಿಟಾರು, ಕಂಠ, ಒಂದೇ ಒಂದು ಹಾಡಿಗೆ ಚೂರು ಪಿಯಾನೊ. ಇವತ್ತಿಗೂ ಅದರಲ್ಲಿ ಒಂದು ಸ್ವರ ಹೆಚ್ಚಾಯಿತು ಅನ್ನಿಸಿಲ್ಲ. ಸುಫ್ಯಾನ್ ಸ್ಟೀವನ್ಸ್ ತೀರಿಹೋದ ತಾಯಿಯ ಕುರಿತು ಮಾಡಿದ 'ಕ್ಯಾರಿ ಆ್ಯಂಡ್ ಲೊವೆಲ್' ಕೂಡ ಇಷ್ಟ, ಆದರೆ ಅದನ್ನು ಬಸ್ಸಿನಲ್ಲಿ ಕೇಳಬಾರದು, ಪಕ್ಕದಲ್ಲಿ ಕುಳಿತವರು ಏನಾಯಿತೆಂದು ಕೇಳುತ್ತಾರೆ. ಬಾನ್ ಇವೇರ್‌ನ 'ಫಾರ್ ಎಮ್ಮಾ, ಫಾರೆವರ್ ಅಗೋ' ಮಾತ್ರ ಒಗ್ಗಲಿಲ್ಲ. ಒಬ್ಬಾತ ಚಳಿಗಾಲದಲ್ಲಿ ಅಪ್ಪನ ಕಾಡುಮನೆಗೆ ಹೋಗಿ ಒಬ್ಬನೇ ಕುಳಿತು ಹಾಡಿದ ಕತೆಯನ್ನು ಹಾಸ್ಟೆಲಿನ ಗೆಳೆಯರೆಲ್ಲ ಪುರಾಣದಂತೆ ಹೇಳುತ್ತಿದ್ದರು. ಅಪ್ಪನ ಕಾಡುಮನೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಕರೆಂಟಿಲ್ಲದೆ ಕುಳಿತು ಬೆಳೆದವನಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ನನ್ನದು ಅನ್ಯಾಯದ ತೀರ್ಪು ಇರಬಹುದು. ಹಾರುಒಮಿ ಹೊಸೊನೊ 1973ರಲ್ಲಿ ಸಯಾಮಾ ಎಂಬಲ್ಲಿನ ತನ್ನ ಬಾಡಿಗೆ ಮನೆಯಲ್ಲೇ ಮುದ್ರಿಸಿದ 'ಹೊಸೊನೊ ಹೌಸ್' ನನಗೆ ಹೆಚ್ಚು ಹತ್ತಿರ. ಅಲ್ಲಿ ಮನೆ ಎಂದರೆ ಮನೆಯೇ, ಗೆಳೆಯರು ಬಂದು ಹೋಗುವ ಜಾಗ.

ಹೊಸೊನೊನನ್ನು ಹಿಂಬಾಲಿಸಿ ಎರಡು ಕಡೆ ಹೋದೆ. ಒಂದು, 1978ರ 'ಕೊಚ್ಚಿನ್ ಮೂನ್'. ಚಿತ್ರಕಲಾವಿದ ತದನೊರಿ ಯೊಕೊ ಜೊತೆ ಭಾರತ ಸುತ್ತಿಹೋದ ಮೇಲೆ ಮಾಡಿದ್ದು. ಹಾಡುಗಳ ಹೆಸರಿನಲ್ಲಿ 'ಹೋಟೆಲ್ ಮಲಬಾರ್' ಎಂದು ನೋಡಿ, ನಮ್ಮ ಪಶ್ಚಿಮ ಕರಾವಳಿ ಸಿಕ್ಕೀತೆಂದು ಆಸೆಯಿಂದ ಹಚ್ಚಿದರೆ ಇಡೀ ಆಲ್ಬಮ್ಮಿನಲ್ಲಿ ಸಿಂಥಸೈಜರಿನ ಗುಂಯ್‌ಗುಡುವಿಕೆ. ಎರಡನೆಯ ಸಲ ಕೇಳುವಾಗ ಹೊರಗೆ ಮಳೆ ಬಂದು ನಿಂತಿತ್ತು. ಕಪ್ಪೆ ಯಾವುದು, ಯಂತ್ರ ಯಾವುದು ತಿಳಿಯಲಿಲ್ಲ. ಕರಾವಳಿ ಸಿಕ್ಕಿದ್ದು ಹಾಗೆ.

ಇನ್ನೊಂದು, ಅವನು ಮೊದಲಿದ್ದ ಹ್ಯಾಪಿ ಎಂಡ್ ತಂಡ. 1970ರ ಆಚೀಚೆ ಜಪಾನಿನಲ್ಲಿ ರಾಕ್ ಸಂಗೀತಕ್ಕೆ ಜಪಾನೀ ಭಾಷೆ ಒಗ್ಗುತ್ತದೆಯೇ ಎಂದು ದೊಡ್ಡ ವಾದವೇ ನಡೆದಿತ್ತು. ಜಗತ್ತು ಕೇಳಬೇಕಾದರೆ ಇಂಗ್ಲಿಷಿನಲ್ಲೇ ಹಾಡಬೇಕು ಎನ್ನುವುದು ಯುಯಾ ಉಚಿದಾನಂಥವರ ಪಕ್ಷ. ಹ್ಯಾಪಿ ಎಂಡ್ ತಮ್ಮ ಭಾಷೆಯಲ್ಲೇ ಹಾಡಿ, 1971ರಲ್ಲಿ 'ಕಾಝೆಮಾಚಿ ರೋಮನ್' ಹೊರತಂದು ವಾದವನ್ನು ಹೆಚ್ಚುಕಡಿಮೆ ಮುಗಿಸಿತು. ಇದನ್ನು ಓದಿದಾಗ ಬೆಂಗಳೂರು ನೆನಪಾಯಿತು. ನಮ್ಮಲ್ಲೂ ರಾಕ್ ಎಂದರೆ ಇಂಗ್ಲಿಷು ಎನ್ನುವ ಕಾಲವೊಂದಿತ್ತು, ಆಮೇಲೆ 2008ರಲ್ಲಿ ರಘು ದೀಕ್ಷಿತ್ ಶಿಶುನಾಳ ಶರೀಫರನ್ನು ಗಿಟಾರಿಗೆ ಕೂರಿಸಿದರು. ಆದರೆ ನನ್ನ ತಮಾಷೆ ನೋಡಿ. ಸ್ವಂತ ಭಾಷೆಗಾಗಿ ಜಗಳವಾಡಿದವರ ಹಾಡನ್ನು ನಾನು ಇಷ್ಟಪಟ್ಟದ್ದು, ಅದರ ಒಂದು ಪದವೂ ಅರ್ಥವಾಗುವುದಿಲ್ಲ ಎಂಬ ಕಾರಣಕ್ಕೇ.

ಅರ್ಥವಾಗದ್ದರ ಸುಖ ಸಣ್ಣದಲ್ಲ. ಕನ್ನಡದ ಹಾಡಾದರೆ ಸಾಹಿತ್ಯ ಪೇಲವವೆಂದು ಮೂಗು ಮುರಿಯುತ್ತೇನೆ. ಇಂಗ್ಲಿಷಾದರೆ ಅರ್ಧ ತಿಳಿದು, ಉಳಿದರ್ಧಕ್ಕೆ ಸುಮ್ಮನೆ ತಲೆಯಾಡಿಸುತ್ತೇನೆ. ಜಪಾನೀ ಹಾಡಿನಲ್ಲಿ ನಾನು ಏನು ಬೇಕಾದರೂ ತುಂಬಬಹುದಿತ್ತು. ನನ್ನ ಪ್ರೇಮ, ಪರೀಕ್ಷೆ, ಊರಿಗೆ ಹೋಗುವ ಖುಷಿ, ಹೋಗಿ ಎರಡೇ ದಿನಕ್ಕೆ ಶುರುವಾಗುವ ಬೇಸರ.

ಎಲ್ಲಕ್ಕಿಂತ ಹೆಚ್ಚು ತುಂಬಿದ್ದು ಫಿಶ್‌ಮನ್ಸ್ ತಂಡದ ಹಾಡಿನಲ್ಲಿ. ಅವರ 'ಲಾಂಗ್ ಸೀಸನ್' 1996ರದ್ದು, ಇಡೀ ಆಲ್ಬಮ್ಮೇ 35 ನಿಮಿಷದ ಒಂದು ಹಾಡು. ಅದೇ ಹಾಡಿನ 40 ನಿಮಿಷ ಮೀರಿದ ಇನ್ನೊಂದು ರೂಪ ನನ್ನ ಫೋನಿನಲ್ಲಿತ್ತು, ಯಾವುದೋ ಕಛೇರಿಯದ್ದು. ಬಸ್ಸು ಕತಗಾಲ ಬಿಟ್ಟಾಗ ಹಚ್ಚಿದರೆ ನಮ್ಮೂರಿನಲ್ಲಿ ಇಳಿಯುವಾಗ ಮುಗಿಯುತ್ತಿತ್ತು. ಅದೇ ನಾಲ್ಕು ಸ್ವರ ಸುತ್ತಿ ಸುತ್ತಿ ಬರುತ್ತವೆ, ನಡುವೆ ಹಾಡು ನಿಂತು ಬರೀ ತಾಳವಾದ್ಯ ಉಳಿಯುತ್ತದೆ, ಆಮೇಲೆ ಎಲ್ಲಿಂದಲೋ ಆ ತೆಳ್ಳನೆಯ, ಹೆಣ್ಣೋ ಗಂಡೋ ಹೇಳಲಾಗದ ದನಿ ಮರಳುತ್ತದೆ. ಆ ಫೋಲ್ಡರಿನ ಹೆಸರು ಅಂಕಿಯಲ್ಲಿತ್ತು: 98.12.28. ಮುಂದೆ ಚೌಕಗಳು. ಅದೇನೋ ಕ್ರಮಸಂಖ್ಯೆ ಇರಬೇಕು ಎಂದುಕೊಂಡಿದ್ದೆ.

ಒಂದು ಮಳೆಗಾಲದ ಸಂಜೆ ಕರೆಂಟು ಹೋಗಿತ್ತು. ಇಯರ್‌ಫೋನು ಹಾಳಾಗಿತ್ತೆಂದು ಜಗುಲಿಯಲ್ಲಿ ಫೋನನ್ನು ಲೋಟದೊಳಗೆ ನಿಲ್ಲಿಸಿ ಹಾಡು ಬಿಟ್ಟಿದ್ದೆ. ಅಪ್ಪಯ್ಯ ಪಕ್ಕದಲ್ಲಿ ಕವಳ ಹಾಕುತ್ತ ಕುಳಿತಿದ್ದ. ಅವನು ಹವ್ಯಾಸಕ್ಕೆ ಮದ್ದಳೆ ಬಾರಿಸುವವನು, ತಾಳಮದ್ದಳೆ ಎಂದರೆ ಊಟ ಬಿಟ್ಟು ಹೋಗುವವನು. ಹತ್ತು ನಿಮಿಷ ಸುಮ್ಮನೆ ಕೇಳಿದ. ಬೆರಳು ತೊಡೆಯ ಮೇಲೆ ತಾಳ ಹುಡುಕುತ್ತಿದ್ದದ್ದು ಕಂಡಿತು.

"ತಮಾ, ಅಂವ ಎಂತ ಹೇಳ್ತಾ ಇದ್ದ?"

"ನಂಗೂ ಗೊತ್ತಿಲ್ಲೆ ಅಪ್ಪಯ್ಯ. ಜಪಾನಿನ ಭಾಷೆ."

"ಗೊತ್ತಿಲ್ದೇ ಎಂತ ಕೇಳ್ತೆ?"

ಕೆಣಕಲು ಕೇಳಿದ್ದಲ್ಲ. ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ಭಾಗವತರು ರಾಗ ಎಳೆಯುತ್ತ ಪದ ನುಂಗಿದರೆ ಚೌಕಿಗೇ ಹೋಗಿ ಹೇಳಿ ಬರುವವನು ಅವನು. ನಾನು ಏನೋ ಒಂದು ಉತ್ತರ ಕೊಟ್ಟೆ, ಸಂಗೀತಕ್ಕೆ ಭಾಷೆಯಿಲ್ಲ ಎಂಬಂಥದ್ದು. ಹೇಳುವಾಗಲೇ ಅದು ಭಾಷಣ ಸ್ಪರ್ಧೆಯ ವಾಕ್ಯದ ಹಾಗೆ ಕೇಳಿಸಿತು.

ಮಂಗಳೂರಿಗೆ ಮರಳಿದ ಮೇಲೆ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಹುಡುಕಿದೆ. ಚೌಕಗಳ ಜಾಗದಲ್ಲಿ ಇದ್ದದ್ದು 'ಗಂಡಸರ ಅಗಲಿಕೆ' ಎಂಬರ್ಥದ ಮಾತು. ಅಂಕಿ ಕ್ರಮಸಂಖ್ಯೆಯಲ್ಲ, ತಾರೀಕು. 1998ರ ಡಿಸೆಂಬರ್ 28, ಟೋಕಿಯೊದ ಅಕಾಸಾಕಾದಲ್ಲಿ ನಡೆದ ಕಛೇರಿ. ತಂಡ ಬಿಟ್ಟು ಹೊರಟಿದ್ದ ಬೇಸ್ ಗಿಟಾರಿನವನನ್ನು ಬೀಳ್ಕೊಡಲೆಂದು ಇಟ್ಟ ಹೆಸರು ಅದು. ಆದರೆ ಅಗಲಿದ್ದು ಹಾಡುಗಾರ. ಶಿಂಜಿ ಸಾಟೊ 1999ರ ಮಾರ್ಚ್ 15ರಂದು ತೀರಿಹೋದ, ಅವನಿಗಾಗ 33 ವರ್ಷ. ಕಛೇರಿಗೂ ಸಾವಿಗೂ ನಡುವೆ 77 ದಿನ. ನಾನು ಕತಗಾಲದಿಂದ ಊರಿನವರೆಗೆ, ಒಂದು ವರ್ಷಕ್ಕೂ ಹೆಚ್ಚು ಕಾಲ, ರಜೆಯ ಖುಷಿ ತುಂಬಿ ತುಂಬಿ ಕೇಳಿದ್ದು ಅವನ ಕೊನೆಯ ರಾತ್ರಿಯ ಕೊನೆಯ ಹಾಡು. ತಾರೀಕು ಪ್ರತಿ ಸಲವೂ ಕಣ್ಣೆದುರೇ ಇತ್ತು.

ಅಂದು ಹಾಡಿದವನಿಗೂ ಅದು ಗೊತ್ತಿರಲಿಲ್ಲ, ನಿಜ. ಆದರೆ ನನ್ನ ಗೊತ್ತಿಲ್ಲದಿರುವಿಕೆ ಬೇರೆ ಥರದ್ದು. ತಿಳಿಯುವ ದಾರಿ ಇದ್ದೂ ತಿಳಿಯದೆ ಇದ್ದೆ, ಅದನ್ನೇ ಅಭಿರುಚಿ ಎಂದು ಕರೆದುಕೊಂಡಿದ್ದೆ. ಸಾಹಿತ್ಯದ ಅನುವಾದ ಓದಿದೆ. ಮಹಾ ಏನಿಲ್ಲ, ಸಂಜೆ, ಊರು ಸುತ್ತುವುದು, ಅರೆಗನಸು. ಹಾಡು ಕೆಡಲಿಲ್ಲ. ಆದರೆ ನನ್ನ ಖುಷಿಯನ್ನು ಅದರೊಳಗೆ ಮತ್ತೆ ಹಾಕಲು ಆಗಲಿಲ್ಲ.

ಮುಂದಿನ ರಜೆಯಲ್ಲಿ ಅಪ್ಪಯ್ಯನಿಗೆ ಹೇಳಿದೆ. ಪ್ರಾಯವೆಷ್ಟು ಎಂದು ಕೇಳಿದ. "ನಾವಡರದ್ದೂ ಹೆಚ್ಚುಕಮ್ಮಿ ಅದೇ ಪ್ರಾಯ" ಎಂದು ಸುಮ್ಮನಾದ. ಗುಂಡ್ಮಿ ಕಾಳಿಂಗ ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅಪ್ಪಯ್ಯನಿಗೆ ಇಪ್ಪತ್ತೈದು. ಸಾಲಿಗ್ರಾಮ ಮೇಳದ ಆಟ ಎಲ್ಲಿದ್ದರೂ ಸೈಕಲ್ಲಿನಲ್ಲಿ ಹೋಗಿ, ಬೆಳಗಿನವರೆಗೆ ಕುಳಿತು, ಟೇಪ್‌ರೆಕಾರ್ಡರಿನಲ್ಲಿ ಹಿಡಿದು ತರುತ್ತಿದ್ದನಂತೆ. ಅಜ್ಜನಿಗೆ ನಾವಡರು ಆಗುತ್ತಿರಲಿಲ್ಲ. ಅವನು ಕಡತೋಕಾ ಮಂಜುನಾಥ ಭಾಗವತರ ಪಕ್ಷ, ಈ ಹುಡುಗ ಸಿನಿಮಾ ಧಾಟಿ ತಂದು ಹಾಳು ಮಾಡಿದ ಎನ್ನುತ್ತಿದ್ದನಂತೆ. ಅದನ್ನು ಕೇಳಿ ನನಗೆ ನಗು ಬಂತು, ಅಪ್ಪಯ್ಯನಿಗೆ ಬರಲಿಲ್ಲ.

ಆ ಕ್ಯಾಸೆಟ್ಟುಗಳು ಮೆತ್ತಿನ ಮೇಲಿವೆ ಎಂಬುದು ನನಗೆ ಗೊತ್ತಿದ್ದ ಸಂಗತಿ. ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಎಂದು ಅವತ್ತೇ ಹೇಳಿದ್ದೆ. ಆಮೇಲೆ ಎಂ.ಎ. ಬಂತು, ಪಿಎಚ್‌ಡಿ ನೋಂದಣಿ ಬಂತು, ಪ್ರತಿ ಸಲವೂ ಮುಂದಿನ ಸಲ. ಅಷ್ಟರಲ್ಲಿ ನನ್ನ ಜಪಾನೀ ಆಲ್ಬಮ್ಮುಗಳಿಗೆ ಎರಡೆರಡು ಹಾರ್ಡ್ ಡಿಸ್ಕಿನಲ್ಲಿ ನಕಲು ಮಾಡಿಟ್ಟಿದ್ದೆ, ಒಂದು ಹಾಳಾದರೆ ಇನ್ನೊಂದಿರಲಿ ಎಂದು. ಹೋದ ವರ್ಷ ಕೊನೆಗೂ ಕುಮಟೆಯಲ್ಲಿ ಹಳೆಯ ಟೇಪ್‌ರೆಕಾರ್ಡರು ರಿಪೇರಿ ಮಾಡಿಸಿಕೊಂಡು ಹೋದೆ. ನಲವತ್ತೆರಡು ಕ್ಯಾಸೆಟ್ಟು. ಬೂಷ್ಟು ಹಿಡಿದು ಪಟ್ಟಿ ಅಂಟಿಕೊಂಡಿತ್ತು, ಕೆಲವು ತಿರುಗಿ ತಿರುಗಿ ತುಂಡಾದವು. ಕೇಳಿಸಿದ್ದು ಏಳು.

ಅಪ್ಪಯ್ಯ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ಹಾಕಿಕೊಂಡು, ಸತ್ತ ಮೂವತ್ತೈದರ ಮೇಲೆ ತಾನೇ ಬರೆದ ಪ್ರಸಂಗದ ಹೆಸರು, ಊರು, ತಾರೀಕುಗಳನ್ನು ಓದಿ ಓದಿ ಒಂದು ಬದಿಗೆ ಜೋಡಿಸಿದ.

ಉಳಿದ ಏಳರಲ್ಲಿ ಒಂದನ್ನು ಹಚ್ಚಿದೆವು. ಚೆಂಡೆ ಸಿಕ್ಕಾಪಟ್ಟೆ ಜೋರು, ನಡುವೆ ಯಾರೋ ಕೆಮ್ಮುತ್ತಾರೆ, ಮಗುವೊಂದು ಅಳುತ್ತದೆ. ನಾವಡರ ದನಿ ಆ ಎಲ್ಲದರ ಮೇಲೆ ಹತ್ತಿ ನಿಲ್ಲುತ್ತದೆ. ಒಂದೊಂದು ಅಕ್ಷರವೂ ಕೇಳುತ್ತದೆ. ಪದ ಏರುತ್ತಿದ್ದ ಹಾಗೇ ಟಕ್ಕೆಂದು ನಿಂತಿತು. ಆ ಬದಿ ಮುಗಿದಿತ್ತು. ಅಂದು ರಾತ್ರಿ ಕತ್ತಲಲ್ಲಿ ಕ್ಯಾಸೆಟ್ಟು ತಿರುಗಿಸಿ ಹಾಕುವಷ್ಟರಲ್ಲಿ ಒಂದೂವರೆ ಸಾಲು ಹೋಯಿತೆಂದು ಅಪ್ಪಯ್ಯ ಹೇಳಿದ. ಹೇಳಿ, ಹೋದ ಆ ಒಂದೂವರೆ ಸಾಲನ್ನು ಸಣ್ಣ ದನಿಯಲ್ಲಿ ಹಾಡಿ, ಇನ್ನೊಂದು ಬದಿ ಹಾಕು ಎಂದು ಕೈಸನ್ನೆ ಮಾಡಿದ. ನಾನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ನಿಲ್ಲಿಸಿರಲಿಲ್ಲ.

ರಾತ್ರಿ ಊಟ ಮಾಡುವಾಗ ಕೇಳಿದ, "ನಿನ್ನ ಜಪಾನಿನವನ ಪದ ಎಷ್ಟು ಹೊತ್ತಿಂದು?"

"ನಲವತ್ತು ನಿಮಿಷದ ಮೇಲೆ."

"ಹಾಂಗಾರೆ ಒಂದು ಬದಿಗೆ ಸರೀ ಹಿಡೀತು. ತಿರುಗ್ಸ ಕೆಲ್ಸ ಇಲ್ಲೆ."

ಮರುದಿನ ಕುಮಟೆಗೆ ಹೋದಾಗ ಮೂರು ಅಂಗಡಿಯಲ್ಲಿ ವಿಚಾರಿಸಿದೆ. ಖಾಲಿ ಕ್ಯಾಸೆಟ್ಟು ಎಲ್ಲೂ ಸಿಗಲಿಲ್ಲ.