ಶಹಾಬಾದಿನ ಕಲ್ಲು, ಅಕ್ಕನ ಅಡಿಗೆ ಕಟ್ಟೆ

ಕಲಬುರಗಿಯಿಂದ ವಾಡಿ ಕಡೆಗೆ ರೈಲಿನಲ್ಲಿ ಹೊರಟಿದ್ದೀರಾ? ಹಾಗಾದರೆ ಶಹಾಬಾದ್ ಹತ್ತಿರ ಬಂದಾಗ ಕಿಟಕಿಯಾಚೆ ಒಮ್ಮೆ ನೋಡಿ. ಹಪ್ಪಳ ಒಟ್ಟಿದಂತೆ ಒಂದರ ಮೇಲೊಂದು ಪೇರಿಸಿಟ್ಟ ಬೂದು ಬಣ್ಣದ ಚಪ್ಪಡಿಗಳು! ನಿಮ್ಮ ಅಂಗಳಕ್ಕೋ ಬಚ್ಚಲಿಗೋ ಹಾಸಿರುವ ಶಹಾಬಾದ್ ಕಲ್ಲಿನ ತವರು ಇದೇ. ಇಲ್ಲಿಯವರು ‘ಫರಸಿ’ ಅಂತಾರೆ. ನೆಲದೊಳಗೇ ಪದರ ಪದರವಾಗಿರುವ ಸುಣ್ಣಕಲ್ಲು. ಹಾರೆ ಹಾಕಿ ಮೀಟಿದರೆ ಹಲಗೆಯಂತೆ ಎದ್ದು ಬರುತ್ತದೆ. ಈ ಸೀಮೆಯ ಹಳೇ ಮನೆಗಳಲ್ಲಿ ನೆಲ, ಗೋಡೆ, ಮಾಳಿಗೆ ಎಲ್ಲಕ್ಕೂ ಇದೇ ಕಲ್ಲು.

ನನ್ನಕ್ಕನ ಮನೆ ಇರುವುದು ಇಲ್ಲೇ. ಹೋದ ಬೇಸಿಗೆಯಲ್ಲಿ ನಾನು ಹೋದಾಗ ಅಡಿಗೆಮನೆಯ ಹಳೇ ಕಟ್ಟೆ ಕಿತ್ತು ಹೊಸದು ಕಟ್ಟಿಸುತ್ತಿದ್ದರು. ಅಕ್ಕ ಗಿಡ್ಡು, ನಾಲ್ಕಡಿ ಹತ್ತಿಂಚು. ಹಳೇ ಕಟ್ಟೆ ಅವಳಿಗೆ ಎತ್ತರವಾಗಿ, ರೊಟ್ಟಿ ಬಡಿದೂ ಬಡಿದೂ ಸಂಜೆಗೆ ಭುಜ ಹಿಡಿದುಕೊಳ್ಳುತ್ತಿತ್ತು. ನೋಡುತ್ತೇನೆ, ಹೊಸ ಇಟ್ಟಿಗೆ ಗೋಡೆಯೂ ಅಷ್ಟೇ ಎತ್ತರ! ಕಲ್ಲು ಕೂರಿಸಿದರೆ 34 ಇಂಚು. ಹೊರಗೆ ಭಾವ, ಗೌಂಡಿ ಕೂತು ಮಾತಾಡುತ್ತಿದ್ದಾರೆ. ಅಕ್ಕ ಒಳಗೆ ಅವರಿಗೆ ಚಹಾ ಕಾಸುತ್ತಿದ್ದಾಳೆ.

“ಅಕ್ಕನ್ನ ಕೇಳಿದಿರಾ ಭಾವಾ?” ಅಂದೆ.

“ಆಕಿಗೇನ್ ಕೇಳೋದದ? ಎಲ್ಲಾರ ಮನ್ಯಾಗೂ ಹಿಂಗೇ ಇರ್ತದ” ಅಂದರು.

ಅಕ್ಕ ಚಹಾ ಹಿಡಿದು ಬಾಗಿಲಲ್ಲೇ ನಿಂತಳು. ಎಂದೂ ಎದುರು ಮಾತಾಡದವಳು ಗೌಂಡಿಯ ಕಡೆ ತಿರುಗಿ, “ಅಡಗಿ ಮಾಡಾಕಿ ನಾ ಅಲ್ಲೇನಪಾ?” ಅಂದಳು.

ಗೌಂಡಿ ಲೋಟ ಕೆಳಗಿಟ್ಟ. “ಯಾವ ಮನ್ಯಾಗೂ ಹೆಣ್ಮಕ್ಕಳು ಹೇಳಂಗಿಲ್ರಿ ಯಕ್ಕಾ. ಅದಕ್ಕ ನಾವೇ ಒಂದ್ ಅಳತಿ ಹಿಡದೀವಿ” ಅಂದ. ಸುಳ್ಳಲ್ಲ ನೋಡಿ!

ಅಕ್ಕನನ್ನು ನಿಲ್ಲಿಸಿ, ಮೊಣಕೈ ಮಡಿಸಲು ಹೇಳಿ ಅಳೆದ. ಇಟ್ಟಿಗೆಯ ಒಂದು ವರಸೆ ತೆಗೆದ. ಮೂರು ಇಂಚು ಇಳಿಯಿತು. ಅರ್ಧ ದಿನದ ಕೂಲಿ ದಂಡವಾಯಿತೆಂದು ಭಾವ ಗೊಣಗಿದರು, ಅನ್ನಿ.

ನೀವೂ ಕಟ್ಟೆ ಹಾಕಿಸುವವರಾದರೆ ಇಷ್ಟು ನೆನಪಿಡಿ. ಕಟ್ಟೆ ನಿಮ್ಮ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿರಲಿ. ಗ್ಯಾಸ್ ಒಲೆ ಇಟ್ಟ ಮೇಲೆ ಪಾತ್ರೆ ಇನ್ನೂ ಎತ್ತರಕ್ಕೆ ಹೋಗುತ್ತದೆ, ಅದನ್ನೂ ಲೆಕ್ಕ ಹಾಕಿ. ಕಟ್ಟೆಯ ಕೆಳಗೆ ಪಾದ ತೂರುವಷ್ಟು ಜಾಗ ಬಿಡಿಸಿ. ಬಗ್ಗಿ ನಿಲ್ಲುವುದು ತಪ್ಪುತ್ತದೆ. ಕಲ್ಲನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಟಣ್ಣೆಂದರೆ ಗಟ್ಟಿ, ಸದ್ದು ಮಂಕಾದರೆ ಒಳಗೆ ಬಿರುಕಿದ್ದೀತು. ಸುಣ್ಣಕಲ್ಲಿಗೆ ಹುಳಿ ಆಗದು. ನಿಂಬೆರಸ, ಹುಣಸೆ ನೀರು ಬಿದ್ದರೆ ಹೊಳಪು ಹೋಗಿ ಕಲೆ ಉಳಿಯುತ್ತದೆ, ಕೂಡಲೇ ಒರೆಸಬೇಕು. ಅಷ್ಟು ಪುರುಸೊತ್ತಿಲ್ಲವೆಂದರೆ ಗ್ರಾನೈಟೇ ವಾಸಿ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಭುಜದ ಸುದ್ದಿಯೇ ಎತ್ತಲಿಲ್ಲ. ನಾನೇ ಕೇಳಿದ್ದಕ್ಕೆ, “ಅಯ್ಯ, ಮರ್ತೇ ಹೋಗಿತ್ತು ನೋಡು” ಅಂದಳು.

ನಿಮ್ಮ ಮನೆಗೆ ಗೌಂಡಿ ಬಂದಾಗ ಚಹಾ ಕೊಡಿ, ಬೇಡವೆಂದವರಾರು? ಆದರೆ ಕೊಟ್ಟು ಒಳಗೆ ಹೋಗಬೇಡಿ. ಅಳತೆ ಮುಗಿಯುವ ತನಕ ಅಲ್ಲೇ ನಿಲ್ಲಿ.