ಬೈ ಟುಗೆ ಇಬ್ಬರು ಬೇಕು

ಪಲ್ಲಾವರಂ
ಶನಿವಾರ ರಾತ್ರಿ

ಪ್ರೀತಿಯ ಇವಳೇ,

"ಕೆಲಸ ಮುಗಿದ ಮೇಲೆ ಒಬ್ಬರೇ ಎಲ್ಲಿರ್ತೀರಿ?" ಎಂದು ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ. ನಿನ್ನ ದನಿಯಲ್ಲಿ ಅನುಮಾನ ಇರಲಿಲ್ಲ, ಕಾಳಜಿ ಇತ್ತು. ಆದರೂ ನಾನು ಊಟದ ಮಾತೆತ್ತಿ ಜಾರಿಕೊಂಡೆ. ಅದು ಎರಡು ದಿನದಿಂದ ಕೊರೆಯುತ್ತಿದೆ. ಹೇಳಿಬಿಡುತ್ತೇನೆ, ಪೂರ್ತಿ ಓದು.

ಹೆಚ್ಚಿನ ಸಂಜೆ ನಾನಿರುವುದು ಸ್ಟೇಷನ್ ಹತ್ತಿರದ ಗಲ್ಲಿಯೊಂದರ ಟೀ ಅಂಗಡಿಯಲ್ಲಿ. ಅಂಗಡಿ ಅಂದರೆ ಒಂದು ಬಾಯ್ಲರು, ಬಜ್ಜಿ ಕರಿಯುವ ಬಾಣಲೆ, ಗಾಜಿನ ಡಬ್ಬಿಗಳಲ್ಲಿ ಬಿಸ್ಕತ್ತು, ಹೊರಗೆ ಒಂದು ಉದ್ದ ಬೆಂಚು. ಮೊದಲ ತಿಂಗಳು ದಿನವೂ "ಅಣ್ಣಾ, ಒರು ಟೀ, ಸಕ್ಕರೈ ಕಮ್ಮಿ" ಎಂದು ಬಾಯಿಪಾಠ ಒಪ್ಪಿಸುತ್ತಿದ್ದೆ. ಒಂದು ದಿನ ನಾನು ಗಲ್ಲಿಯ ತಿರುವಿನಲ್ಲಿ ಕಾಣಿಸುತ್ತಲೇ ಟೀ ಮಾಸ್ಟರ್ ಕೈ ಎತ್ತಿ ಟೀ ಎಳೆಯತೊಡಗಿದ. ನಾನು ಬೆಂಚು ಮುಟ್ಟುವ ಹೊತ್ತಿಗೆ ಗ್ಲಾಸು ಸಿದ್ಧ, ಸಕ್ಕರೆ ಕಮ್ಮಿ. ಈ ಊರಿನಲ್ಲಿ ನನ್ನನ್ನು ಗುರುತಿಟ್ಟುಕೊಂಡ ಮೊದಲ ಮನುಷ್ಯ ಅವನು. ಅವತ್ತು ರೂಮಿಗೆ ಬಂದು ನಿನಗೆ ಸುಮ್ಮನೆ ಫೋನ್ ಮಾಡಿದ್ದೆ, ನೆನಪಿದೆಯಾ? ವಿಷಯ ಏನೂ ಇಲ್ಲ ಅಂದಿದ್ದೆ. ಇದೇ ವಿಷಯ.

ತಮಿಳು ಓದಲು ಕಲಿತದ್ದೂ ಆ ಬೆಂಚಿನ ಮೇಲೆ. ದಿನತಂತಿ ಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ಕೈಯಿಂದ ಕೈಗೆ ಹೋಗುತ್ತವೆ. ನನ್ನ ಪಾಲಿಗೆ ಯಾವ ಹಾಳೆ ಬಂತೋ ಅದೇ ಆ ದಿನದ ಪಾಠ. ತಡವರಿಸಿದರೆ ಪಕ್ಕದ ರೈಲ್ವೆ ತಾತ ತಿದ್ದುತ್ತಾರೆ. ತಲೆಯ ಮೇಲೆ ವಿಮಾನ ಇಳಿಯುವಾಗ ಎಲ್ಲರೂ ಮಾತು ನಿಲ್ಲಿಸುತ್ತಾರೆ, ಅದು ಮೀನಂಬಾಕ್ಕಂ ಕಡೆ ಹೋದ ಮೇಲೆ ಬಿಟ್ಟ ಅಕ್ಷರದಿಂದಲೇ ಮುಂದುವರಿಸುತ್ತಾರೆ.

ನಾನು ಕನ್ನಡದವನೆಂದು ತಿಳಿದ ದಿನ ಆ ತಾತನ ಮುಖ ಅರಳಿತು. "ನಿಮ್ಮವರ ಡ್ರೈವ್-ಇನ್‌ನಲ್ಲೇ ನನ್ನ ಯೌವನ ಕಳೆಯಿತು" ಅಂದರು. ಕಡಂದಲೆಯ ಕೃಷ್ಣರಾಯರು ದಕ್ಷಿಣ ಕನ್ನಡದಿಂದ ಬರಿಗೈಯಲ್ಲಿ ಬಂದು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದದ್ದು ನಿನಗೆ ಗೊತ್ತಿರಬಹುದು. 1962ರಲ್ಲಿ ಕೆಥೀಡ್ರಲ್ ರಸ್ತೆಯ ಮರಗಳ ಕೆಳಗೆ ಡ್ರೈವ್-ಇನ್ ಬಂತು. ಕಾರಿನವರಿಗೆ ಬಾಗಿಲಿಗೇ ತಟ್ಟೆ ಸಿಕ್ಕಿಸುತ್ತಿದ್ದರಂತೆ. ತಾತನ ಬಳಿ ಕಾರಿರಲಿಲ್ಲ. ಒಂದು ಕಾಫಿ ಹೇಳಿ ಮಧ್ಯಾಹ್ನವೆಲ್ಲ ಕೂತರೂ ಯಾರೂ ಏಳು ಅನ್ನುತ್ತಿರಲಿಲ್ಲವಂತೆ. 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಉದ್ಯಾನ ಚೆನ್ನಾಗಿದೆ, ಆದರೆ ತಾತ ಒಮ್ಮೆಯೂ ಒಳಗೆ ಹೋಗಿಲ್ಲ. ನಮ್ಮ ಕಡೆಯವರು ಈ ನಗರಕ್ಕೆ ಬರೀ ದೋಸೆ ಕೊಡಲಿಲ್ಲ ಕಣೇ, ಕೂರಲು ಜಾಗ ಕೊಟ್ಟರು. ನನಗೆ ಅವತ್ತು ಎದೆ ತುಂಬಿತು.

ಇನ್ನೊಂದು ಜಾಗ. ಹೌದು, ಬಾರು. ಸಂಬಳವಾದ ವಾರದ ಶನಿವಾರ ಹೋಗುತ್ತಿದ್ದೆ. ಪ್ಲಾಸ್ಟಿಕ್ ಕುರ್ಚಿ, ಒದ್ದೆ ನೆಲ, ಪೇಪರಿನ ಮೇಲೆ ಸುಂಡಲ್, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಇಲ್ಲಿ ನೀರಿಗೂ ತಣ್ಣಿ ಅನ್ನುತ್ತಾರೆ, ಹೆಂಡಕ್ಕೂ ತಣ್ಣಿಯೇ. ಟೀ ಅಂಗಡಿಯಲ್ಲಿ ಒಂದು ಗ್ಲಾಸಿಗೆ ಅರ್ಧ ಗಂಟೆ ಕೂರುವ ಜನ ಇಲ್ಲಿ ಐದು ನಿಮಿಷದಲ್ಲಿ ಕುಡಿದು ಎದ್ದುಹೋಗುತ್ತಾರೆ. ಇದಕ್ಕೆ ಕಾರಣ ಹಳೆಯದು ಅಂತ ನನ್ನ ಅನಿಸಿಕೆ. 1948ರಲ್ಲಿ ಇಡೀ ಮದರಾಸು ಪ್ರಾಂತ್ಯಕ್ಕೆ ಪಾನನಿಷೇಧ ಬಂತು, ಆಗ ಮಂಗಳೂರು, ಬಳ್ಳಾರಿಗಳೂ ಅದರೊಳಗೇ ಇದ್ದವು. 1971ರವರೆಗೆ ಇಲ್ಲಿ ಕುಡಿದವರಲ್ಲಿ ಹೆಚ್ಚಿನವರು ಕದ್ದೇ ಕುಡಿದವರು. 2003ರಿಂದ ಮದ್ಯದ ಚಿಲ್ಲರೆ ಮಾರಾಟವೂ ಸರ್ಕಾರದ್ದೇ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹತ್ತರವರೆಗೆ. ಕಾನೂನು ಬದಲಾದರೂ ಅವಸರ ಹೋಗಿಲ್ಲ. ಕುಡಿಯುವವನಿಗೂ ನೆಟ್ಟಗೆ ಕೂರುವ ಜಾಗ, ಮಾತಿಗೊಬ್ಬರು ಬೇಕು. ಅಂಥ ಜಾಗವಿದ್ದಿದ್ದರೆ ಕೆಲವರಾದರೂ ಕಡಿಮೆ ಕುಡಿಯುತ್ತಿದ್ದರು ಅಂತ ನಾನು ನಿಜವಾಗಿ ನಂಬಿದ್ದೇನೆ. ನೀನು ಒಪ್ಪಲಿಕ್ಕಿಲ್ಲ.

ಅಲ್ಲಿ ಕಂಡ ಒಂದು ಸಂಗತಿ ಮಾತ್ರ ನಿನಗೆ ಹೇಳಲೇಬೇಕು. ಕ್ವಾರ್ಟರ್ ಅಂದರೆ 180 ಮಿಲಿ. ಪೂರ್ತಿ ಕೊಳ್ಳಲು ಕಾಸಿಲ್ಲದವನು ಮದ್ಯದಂಗಡಿ ಮುಂದೆ ನಿಂತು, ಬರುವವರ ಮುಖ ನೋಡಿ "ಕಟಿಂಗ್?" ಅನ್ನುತ್ತಾನೆ. ಅವನಂಥವನೇ ಇನ್ನೊಬ್ಬ ತಲೆಯಾಡಿಸುತ್ತಾನೆ. ಇಬ್ಬರೂ ಅರ್ಧರ್ಧ ದುಡ್ಡು ಹಾಕಿ, ಲೋಟಗಳನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸಮನಾಗಿ ಹಂಚಿಕೊಳ್ಳುತ್ತಾರೆ. ಕಳೆದ ಆಡಿ ಮಾಸದಲ್ಲಿ ಒಬ್ಬ ನನ್ನನ್ನೇ ಕೇಳಿದ. ಬಟ್ಟೆಯ ಮೇಲೆ ಸುಣ್ಣದ ಕಲೆ, ಪೇಂಟಿಂಗ್ ಕೆಲಸದವನಿರಬೇಕು. ಹಂಚಿಕೊಂಡೆ. ತಾಯಿ ತೀರಿ ಹದಿನಾರು ದಿನವಾಯಿತು ಅಂದ. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಕೊನೆಯ ಗುಟುಕಿಗೆ ಮೊದಲು ನನ್ನ ಭುಜ ಒಮ್ಮೆ ಒತ್ತಿದ, ಕುಡಿದು ಹೊರಟುಹೋದ. ಆಮೇಲೆ ನಾನು ಅಲ್ಲಿಗೆ ಹೋದದ್ದು ಎರಡೇ ಸಲ. ಯಾರಿಗೂ ಮಾತು ಕೊಟ್ಟು ಬಿಟ್ಟದ್ದಲ್ಲ. ಅವತ್ತು ಮನೆಗೆ ನಡೆಯುವಾಗ ಕುಕ್ಕರಹಳ್ಳಿ ಕೆರೆ ಸುತ್ತಿ ಬಂದು ನಾವಿಬ್ಬರೂ ಕುಡಿಯುತ್ತಿದ್ದ ಬೈ ಟು ಕಾಫಿ ನೆನಪಾಯಿತು. ನಿನ್ನ ಲೋಟಕ್ಕೆ ಒಂದು ಗೆರೆ ಹೆಚ್ಚು ಬಂದಿದೆಯಾ ಅಂತ ನಾನು, ನನ್ನದಕ್ಕೆ ಬಂದಿದೆಯಾ ಅಂತ ನೀನು ನೋಡುತ್ತಿದ್ದೆವಲ್ಲ. ಇಲ್ಲಿ ಇಷ್ಟು ದಿನ ಇದ್ದೇನೆ, ಬೈ ಟು ಅಂತ ಒಮ್ಮೆಯೂ ಕೇಳಿಲ್ಲ. ಒಬ್ಬನೇ ಹೇಗೆ ಕೇಳಲಿ?

ಮಗಳ ಪರೀಕ್ಷೆ ಮುಗಿದ ಕೂಡಲೇ ಇಬ್ಬರೂ ಬನ್ನಿ. ಮಕ್ಕಳಿಗೆ ಶಿಲಾಯುಗ ಹೇಳಿಕೊಡುವಾಗ ನಿನ್ನ ಬಾಯಲ್ಲಿ ಬರುವ ಪಲ್ಲಾವರಂ ಇದೇ. 1863ರ ಮೇ 30ರಂದು ರಾಬರ್ಟ್ ಬ್ರೂಸ್ ಫೂಟ್‌ಗೆ ಕಲ್ಲಿನ ಕೈಗೊಡಲಿ ಸಿಕ್ಕಿದ್ದು ಇಲ್ಲೇ. ನಮ್ಮ ಬಳ್ಳಾರಿಯ ಸಂಗನಕಲ್ಲಿಗೆ ಹೋದ ಮನುಷ್ಯನೂ ಅವನೇ. ಆ ಜಾಗದ ಕಡೆಗೆ ಒಂದು ಸುತ್ತು ಹೋಗೋಣ.

ಆಮೇಲೆ ಬೆಂಚಿಗೆ. ಅಲ್ಲಿ ಹೆಂಗಸರು ಕೂತದ್ದನ್ನು ನಾನು ನೋಡಿಲ್ಲ. ನಿಂತು ಪಾರ್ಸೆಲ್ ಕಟ್ಟಿಸಿಕೊಂಡು ಹೋಗುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ನೀನು ನನ್ನ ಪಕ್ಕ ಕೂರಬೇಕು. ಮೂಲೆಯ ಜಾಗ ಬಿಟ್ಟುಕೊಡುತ್ತೇನೆ ಅಂತ ತಾತ ಆಗಲೇ ಹೇಳಿದ್ದಾರೆ.

ಕಾವೇರಿ ಎಕ್ಸ್‌ಪ್ರೆಸ್ಸಿಗೆ ಬುಕ್ ಮಾಡು. ರಾತ್ರಿ ಹತ್ತಿದರೆ ಬೆಳಗ್ಗೆ ಸೆಂಟ್ರಲ್. ನಾನು ಬಂದಿರುತ್ತೇನೆ, ಎದುರಿನ ಪಾರ್ಕ್ ಸ್ಟೇಷನ್ನಿನಿಂದ ತಾಂಬರಂ ಲೋಕಲ್ ಹಿಡಿಯೋಣ. ಕಾಫಿಪುಡಿ ನಮ್ಮ ಅಂಗಡಿಯದೇ ತಾ, ಅರ್ಧ ಕೆಜಿ. ಹಳೆ ಟ್ರಂಕ್ ರೋಡಿನ ಶುಕ್ರವಾರದ ಸಂತೆಯಲ್ಲಿ ಎರಡು ಹಿತ್ತಾಳೆ ಲೋಟ ಕೊಂಡಿದ್ದೇನೆ. ಒಂದರ ಅಂಚು ಸ್ವಲ್ಪ ನೆಗ್ಗಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿಟ್ಟಿದ್ದೇನೆ.

ನಿನ್ನ
ಇವರು